ಹತ್ತಕ್ಕೆ ಹದಿನಾರು

ಪುಸ್ತಕದ ತೂಕವನ್ನು ತಲೆಯಿಂದ ಅಳೆಯುವವರು ಪಂಡಿತರು. ನಾನು ಕಾಲಿನಿಂದ ಅಳೆದವನು. ಕಪಾಟಿನ ಮೇಲ್ಗಡೆ ಸೇರಿಕೊಂಡಿದ್ದ ಹಲ್ಲಿಯನ್ನು ಓಡಿಸಲು ನಮ್ಮ ಮನೆಯಾಕೆ ಪೊರಕೆಯ ಹಿಡಿಯಿಂದ ತಿವಿದದ್ದೇ ತಡ, ಹಲ್ಲಿ ಇದ್ದಲ್ಲೇ ಇತ್ತು, ಅದರ ಪಕ್ಕದಲ್ಲಿದ್ದ ರೋಮನ್ ನಾಣ್ಯಗಳ ಪುಸ್ತಕ ನೇರವಾಗಿ ಬಂದು ನನ್ನ ಬಲಗಾಲಿನ ಹೆಬ್ಬೆರಳ ಮೇಲೆ ಕೂತಿತು. ಹಲ್ಲಿ ಮೈಮೇಲೆ ಬಿದ್ದರೆ ಯಾವ ಅಂಗಕ್ಕೆ ಯಾವ ಫಲ ಎಂದು ಪಂಚಾಂಗದಲ್ಲಿ ವಿವರವಾಗಿ ಕೊಟ್ಟಿರುತ್ತಾರೆ. ಹಲ್ಲಿಯ ನೆರೆಯಲ್ಲಿದ್ದ ವಸ್ತು ಬಿದ್ದರೆ ಏನು ಫಲ ಎಂಬುದನ್ನು ಮಾತ್ರ ಯಾವ ಪಂಚಾಂಗಕರ್ತರೂ ಬರೆದ ಹಾಗೆ ಕಾಣೆ. ಸಂಜೆಯೊಳಗೆ ಫಲ ತಾನಾಗಿಯೇ ತಿಳಿಯಿತು. ಪಾದ ಊದಿಕೊಂಡು ಚಪ್ಪಲಿಗೆ ಒಲ್ಲೆ ಅಂದಿತು.

ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿ ನಿವೃತ್ತನಾದವನಿಗೆ ರೋಮಿನ ನಾಣ್ಯದ ಉಸಾಬರಿ ಯಾಕೆ ಎಂದು ನೀವು ಕೇಳಬಹುದು. ಮನೆಯಲ್ಲೂ ಕೇಳುತ್ತಾರೆ. ಜೀವಮಾನವಿಡೀ ಬೇರೆಯವರ ಚಿಲ್ಲರೆ ಎಣಿಸಿದವನಿಗೆ, ಸಂಜೆ ಲೆಕ್ಕ ಒಪ್ಪಿಸಬೇಕಾಗಿಲ್ಲದ ಚಿಲ್ಲರೆ ಎಂದರೆ ಎಷ್ಟು ಹಿತ ಎನ್ನುವುದು ಆ ಕೌಂಟರಿನ ಹಿಂದೆ ಕೂತವರಿಗೇ ಗೊತ್ತು. ರೋಮನ್ನರ ಕ್ಯಾಷ್ ಒಂದು ಬಿಲ್ಲೆ ಕಡಿಮೆ ಬಿದ್ದರೆ ನನ್ನ ಪಿಂಚಣಿಯಲ್ಲಿ ಯಾರೂ ಹಿಡಿಯುವುದಿಲ್ಲ.

ಸರಿ, ಕಾಲನ್ನು ದಿಂಬಿನ ಮೇಲೆ ಏರಿಸಿ, ಅಪರಾಧಿ ಪುಸ್ತಕವನ್ನೇ ಎದೆಯ ಮೇಲಿಟ್ಟುಕೊಂಡು ಪುಟ ತಿರುವಿದೆ. ಕ್ರಿ.ಪೂ. 84ರ ಒಂದು ಬೆಳ್ಳಿ ನಾಣ್ಯ ಕಣ್ಣಿಗೆ ಬಿತ್ತು. ಕೋಟೆಗೋಡೆಯ ಆಕಾರದ ಕಿರೀಟ ತೊಟ್ಟ ಸಿಬೆಲೆ ದೇವಿಯ ತಲೆ. ದೇವಿಯ ಬೆನ್ನ ಹಿಂದೆ, ಮೇಲೂ ಇಲ್ಲ ಕೆಳಗೂ ಇಲ್ಲ, ಒಂದು ಪಾದ! ಬರೀ ಪಾದ, ಅದೂ ಸೊಟ್ಟ. ಯಾಕಪ್ಪಾ ಎಂದರೆ ನಾಣ್ಯ ಹೊಡೆಸಿದ ಅಧಿಕಾರಿಯ ಹೆಸರು ಪೂಬ್ಲಿಯಸ್ ಫ್ಯೂರಿಯಸ್ ಕ್ರಾಸಿಪೆಸ್. ಕ್ರಾಸಿಪೆಸ್ ಅಂದರೆ ದಪ್ಪಗಾಲ.

“ನೋಡೇ ಇಲ್ಲಿ, ಎರಡು ಸಾವಿರ ವರ್ಷದ ಹಿಂದೇನೇ ನನ್ನ ಕಾಲನ್ನ ಬೆಳ್ಳಿಯಲ್ಲಿ ಅಚ್ಚು ಹಾಕಿದಾರೆ” ಅಂದೆ.

“ಅವರ ಮನೇಲಿ ಅರಿಶಿನದ ಪಟ್ಟು ಹಾಕೋರು ಇರಲಿಲ್ವೇನೋ. ಕಾಲು ಅಲ್ಲಾಡಿಸ್ಬೇಡಿ” ಅಂದಳು.

ಈ ರೋಮನ್ನರಿಗೆ ಅಡ್ಡಹೆಸರಿನ ಬಗ್ಗೆ ನಾಚಿಕೆಯೇ ಇರಲಿಲ್ಲ. ಯಾವನೋ ಮುತ್ತಾತನ ಕಾಲು ದಪ್ಪವಿತ್ತೆಂದು ವಂಶಕ್ಕೆಲ್ಲ ದಪ್ಪಗಾಲರೆಂದು ಹೆಸರು. ಪ್ರಸಿದ್ಧ ವಾಗ್ಮಿ ಸಿಸೆರೋನ ಹೆಸರಿನಲ್ಲಿರುವುದು ಕಡಲೆಕಾಳು. ಆತ ಸಿಸಿಲಿಯಲ್ಲಿ ಅಧಿಕಾರಿಯಾಗಿದ್ದಾಗ ದೇವರಿಗೆ ಬೆಳ್ಳಿಯ ಪಾತ್ರೆ ಒಪ್ಪಿಸಿ, ಮೊದಲೆರಡು ಹೆಸರನ್ನು ಅಕ್ಷರದಲ್ಲಿ ಕೆತ್ತಿಸಿ, ಮೂರನೆಯದರ ಜಾಗದಲ್ಲಿ ಒಂದು ಕಡಲೆಕಾಳು ಬಿಡಿಸಿ ಎಂದನಂತೆ. ಜೀವನಚರಿತ್ರೆಕಾರ ಪ್ಲೂಟಾರ್ಕ್ ಬರೆದಿದ್ದಾನೆ. ಹೆಸರು ಬದಲಾಯಿಸಿಕೋ ಎಂದ ಗೆಳೆಯರಿಗೆ, ಈ ಕಡಲೆಯನ್ನೇ ದೊಡ್ಡದು ಮಾಡಿ ತೋರಿಸುತ್ತೇನೆ ಎಂದಿದ್ದವನು ಅವನು. ಮಾಡಿಯೂ ತೋರಿಸಿದ ಬಿಡಿ.

ನಾಣ್ಯ ಹೊಡೆಸುವ ಕೆಲಸ ಸಾಮಾನ್ಯವಾಗಿ ಮೂವರು ಯುವಕರ ಪಾಲಿಗೆ ಬರುತ್ತಿತ್ತು. ‘ಕಂಚು, ಬೆಳ್ಳಿ, ಚಿನ್ನಗಳನ್ನು ಎರಕ ಹೊಯ್ದು ಅಚ್ಚೊತ್ತುವ ಮೂವರು’ ಎಂಬುದು ಅವರ ಹುದ್ದೆಯ ಉದ್ದನೆಯ ಹೆಸರು. ರಾಜಕೀಯದಲ್ಲಿ ಇನ್ನೂ ಮೀಸೆ ಚಿಗುರುತ್ತಿರುವ ಹುಡುಗರು. ಊರಿನ ದುಡ್ಡಿನ ಮೇಲೆ ತಮ್ಮ ಹೆಸರು ಹಾಕಿಕೊಳ್ಳುವ ಅವಕಾಶ ಸಿಕ್ಕರೆ ಬಿಟ್ಟಾರೆಯೇ? ಮಲ್ಲಿಯೋಲಸ್ ಅಂದರೆ ಚಿಕ್ಕ ಸುತ್ತಿಗೆ. ಆ ಹೆಸರಿನವನ ನಾಣ್ಯದಲ್ಲಿ ಯುದ್ಧದೇವತೆ ಮಾರ್ಸ್‌ನ ತಲೆಯ ಮೇಲೆ ಒಂದು ಸುತ್ತಿಗೆ. ಥೋರಿಯಸ್ ಎಂಬ ಹೆಸರು ಹೋರಿಯ ಲ್ಯಾಟಿನ್ ಹೆಸರಿನ ಹತ್ತಿರಕ್ಕೆ ಬರುತ್ತದೆಂದು ಅವನ ನಾಣ್ಯದ ತುಂಬ ಗುಟುರು ಹಾಕಿ ನುಗ್ಗುವ ಹೋರಿ. ಲುಕ್ರೀಷಿಯಸ್ ಟ್ರಿಯೋ ಎಂಬಾತನಿಗೆ ನಮ್ಮ ಸಪ್ತರ್ಷಿ ಮಂಡಲವೇ ಬೇಕಾಯಿತು; ಆ ಏಳು ನಕ್ಷತ್ರಗಳಿಗೆ ಲ್ಯಾಟಿನ್ನಿನಲ್ಲಿ ‘ಸೆಪ್ಟೆಮ್ ಟ್ರಿಯೋನೆಸ್’ ಎನ್ನುತ್ತಾರೆ. ಚಂದ್ರನ ಸುತ್ತ ಏಳು ಚುಕ್ಕಿ ಇಟ್ಟು ಸುಮ್ಮನಾದ. ಪೊಂಪೋನಿಯಸ್ ಮ್ಯೂಸಾ ಎಂಬುವನಂತೂ ಹೆಸರು ಮ್ಯೂಸಾ ಎಂಬ ಒಂದೇ ನೆವಕ್ಕೆ ಒಂಬತ್ತು ಕಲಾದೇವಿಯರಾದ ಮ್ಯೂಸ್‌ಗಳಿಗೂ ಒಂದೊಂದು ನಾಣ್ಯ ಹೊಡೆಸಿದ. ಸೈನಿಕನ ಸಂಬಳದಲ್ಲಿ ಒಂಬತ್ತು ಕಲೆಗಳೂ ಸೇರಿ ಬಂದವು. ಅವನು ಅವನ್ನು ಹೆಂಡದಂಗಡಿಯಲ್ಲಿ ಒಟ್ಟಿಗೆ ಬಿಟ್ಟು ಬಂದಿರಬೇಕು.

ಆದರೆ ನಾನು ಹೇಳಹೊರಟದ್ದು ನಾಣ್ಯ ಹೊಡೆಸಿದವರ ಹೆಸರಿನ ಬಗ್ಗೆ ಅಲ್ಲ, ನಾಣ್ಯಗಳದೇ ಹೆಸರಿನ ಬಗ್ಗೆ. ಅದಕ್ಕೆ ಆ ದಪ್ಪಗಾಲನಿಗಿಂತಲೂ ಇನ್ನೂರು ವರ್ಷ ಹಿಂದಕ್ಕೆ ಹೋಗಬೇಕು. ಕುಂಟುತ್ತಲೇ ಹೋಗೋಣ.

ರೋಮನ್ನರು ಬೆಳ್ಳಿಗೆ ಬಹಳ ತಡವಾಗಿ ಕೈ ಹಾಕಿದವರು. ಅವರದು ಮೊದಲಿನಿಂದ ಕಂಚಿನ ಸಂಸಾರ. ಮೊದಲು ಆಕಾರವಿಲ್ಲದ ಕಂಚಿನ ತುಂಡುಗಳು, ಆಮೇಲೆ ಎರಕ ಹೊಯ್ದ ಪಟ್ಟಿಗಳು, ಆಮೇಲೆ ದುಂಡನೆಯ ಬಿಲ್ಲೆಗಳು. ಬಿಲ್ಲೆಯ ಹೆಸರು ಆಸ್. ಒಂದು ಆಸ್ ಎಂದರೆ ಮೂಲದಲ್ಲಿ ಒಂದು ರೋಮನ್ ಪೌಂಡು ಕಂಚು, ಸುಮಾರು 324 ಗ್ರಾಂ. ನನ್ನ ಕೌಂಟರಿನಲ್ಲಿ ಇಂಥ ನೂರು ಆಸ್ ತಂದು ಸುರಿದಿದ್ದರೆ ನಾನು ಎಣಿಸುತ್ತಿರಲಿಲ್ಲ, ಹಮಾಲಿಯನ್ನು ಕರೆಯುತ್ತಿದ್ದೆ. ಇತಿಹಾಸಕಾರ ಲಿವಿ ಒಂದು ಸೊಗಸಾದ ಮಾತು ಬರೆದಿದ್ದಾನೆ. ಬೆಳ್ಳಿಯ ನಾಣ್ಯ ಇನ್ನೂ ಇಲ್ಲದ ಆ ಕಾಲದಲ್ಲಿ ಕೆಲವರು ತೆರಿಗೆಯ ಕಂಚನ್ನು ಗಾಡಿಗಳಲ್ಲಿ ಹೇರಿಕೊಂಡು ಖಜಾನೆಗೆ ಹೋಗುತ್ತಿದ್ದರಂತೆ, ಅದು ನೋಡುವವರ ಕಣ್ಣಿಗೆ ಒಂದು ಮೆರವಣಿಗೆಯೇ ಆಗುತ್ತಿತ್ತಂತೆ. ತೆರಿಗೆಯನ್ನು ಊರಿಗೆಲ್ಲ ಕಾಣುವ ಹಾಗೆ ಕಟ್ಟಿದ ಜನ! ಕಂಚು ಹೋಗಿ ಬೆಳ್ಳಿ ಬಂದದ್ದರಿಂದ ಜಗತ್ತು ಕಳೆದುಕೊಂಡದ್ದು ಈ ಮೆರವಣಿಗೆಯನ್ನು.

ದಕ್ಷಿಣ ಇಟಲಿಯ ಕರಾವಳಿಯ ಗ್ರೀಕರು ಮಾತ್ರ ಆ ವೇಳೆಗಾಗಲೇ ಬೆಳ್ಳಿಯ ನಾಣ್ಯದಲ್ಲಿ ಪಳಗಿದ್ದರು. ಅವರ ಜೊತೆ ವ್ಯವಹಾರ, ಯುದ್ಧ ಎರಡೂ ಶುರುವಾದಾಗ ರೋಮಿಗೂ ಬೆಳ್ಳಿ ಬೇಕಾಯಿತು. ಕ್ರಿ.ಪೂ. 300ರ ಆಚೀಚೆ ಮೊದಲ ಬೆಳ್ಳಿ ನಾಣ್ಯ ಬಂತು: ಒಂದು ಕಡೆ ಶಿರಸ್ತ್ರಾಣ ತೊಟ್ಟ, ಗಡ್ಡದ ಮಾರ್ಸ್, ಇನ್ನೊಂದು ಕಡೆ ಕುದುರೆಯ ತಲೆ, ಕೆಳಗೆ ‘ರೋಮಾನೋ’ ಎಂಬ ಬರಹ. ತೂಕ ಗ್ರೀಕರದು, ಕೈಚಳಕ ಗ್ರೀಕರದು, ಹೆಸರು ಮಾತ್ರ ರೋಮಿನದು. ವಿದ್ವಾಂಸರು ಇಂದಿಗೂ ಅದನ್ನು ‘ಡೈಡ್ರಾಕ್ಮ್’ ಎಂಬ ಗ್ರೀಕ್ ಹೆಸರಿನಿಂದಲೇ ಕರೆಯುತ್ತಾರೆ.

ರೋಮಿನಲ್ಲಿ ಬೆಳ್ಳಿಗೆ ಮೊದಲು ಅಚ್ಚೊತ್ತಿದ್ದು ಕ್ರಿ.ಪೂ. 269ರಲ್ಲಿ, ಒಗುಲ್ನಿಯಸ್ ಮತ್ತು ಫೇಬಿಯಸ್ ಕಾನ್ಸಲ್‌ಗಳಾಗಿ, ಅಂದರೆ ರೋಮನ್ನು ಜೊತೆಯಾಗಿ ಆಳುವ ಇಬ್ಬರು ಅಧಿಕಾರಿಗಳಾಗಿ, ಇದ್ದಾಗ ಎಂದು ರೋಮನ್ ಲೇಖಕ ಪ್ಲಿನಿಯ ಹೇಳಿಕೆ. ಆ ಕಾಲಕ್ಕೆ ಸೇರುವ ಒಂದು ನಾಣ್ಯದ ಒಂದು ಮಗ್ಗುಲಲ್ಲಿ ಹರ್ಕ್ಯುಲಿಸ್, ಇನ್ನೊಂದರಲ್ಲಿ ಇಬ್ಬರು ಶಿಶುಗಳಿಗೆ ಹಾಲೂಡುವ ತೋಳ. ಫೇಬಿಯಸ್ ಮನೆತನದವರು ತಾವು ಹರ್ಕ್ಯುಲಿಸನ ಸಂತತಿ ಎಂದು ಹೇಳಿಕೊಳ್ಳುತ್ತಿದ್ದವರು. ಒಗುಲ್ನಿಯಸ್ ಅಣ್ಣತಮ್ಮಂದಿರು ಕ್ರಿ.ಪೂ. 296ರಲ್ಲಿ ರೋಮಿನಲ್ಲಿ ತೋಳದ ಕೆಳಗೆ ಅವಳಿ ಮಕ್ಕಳ ಪ್ರತಿಮೆ ಇಡಿಸಿದವರು. ಮುಂಬದಿ ನಿನಗೆ, ಹಿಂಬದಿ ನನಗೆ ಎಂದು ಇಬ್ಬರೂ ಹಂಚಿಕೊಂಡಂತಿದೆ. ಸಮ್ಮಿಶ್ರ ಸರ್ಕಾರ ಇಷ್ಟು ಶಾಂತವಾಗಿ ನಡೆದದ್ದಕ್ಕೆ ಬೇರೆ ಪುರಾವೆ ನನಗೆ ಸಿಕ್ಕಿಲ್ಲ.

ಆಮೇಲೆ ಬಂದದ್ದು ‘ಕ್ವಾಡ್ರಿಗಾಟಸ್’. ಕ್ವಾಡ್ರಿಗಾ ಎಂದರೆ ನಾಲ್ಕು ಕುದುರೆಯ ರಥ. ನಾಣ್ಯದ ಹಿಂಬದಿಯಲ್ಲಿ ಜುಪಿಟರ್ ಅಂಥ ರಥದಲ್ಲಿ ನಿಂತು ಸಿಡಿಲು ಎಸೆಯುತ್ತಾನೆ. ಜನ ಚಿತ್ರ ನೋಡಿ ಹೆಸರಿಟ್ಟರು. ಸಂತೆಯಲ್ಲಿ ಬೆಲೆ ಓದುವ ಪುರುಸೊತ್ತು ಯಾರಿಗಿದೆ? ಎರಡು ಕುದುರೆಯ ರಥ ಬಂದಾಗ ಅದು ‘ಬಿಗಾಟಸ್’ ಆಯಿತು. ವಿಜಯದೇವತೆ ಬಂದಾಗ ‘ವಿಕ್ಟೋರಿಯಾಟಸ್’. ಅಂಚಿನಲ್ಲಿ ಗರಗಸದ ಹಲ್ಲು ಕೊರೆದಾಗ ‘ಸೆರಾಟಸ್’. ಈ ಹಲ್ಲು ಯಾಕೆ ಕೊರೆದರು ಎಂಬುದಕ್ಕೆ ವಿದ್ವಾಂಸರು ಹೇಳುವ ಒಂದು ಕಾರಣ: ಒಳಗೂ ಬೆಳ್ಳಿಯೇ ಇದೆ, ತಾಮ್ರದ ಮೇಲೆ ಬೆಳ್ಳಿಯ ಲೇಪ ಅಲ್ಲ ಎಂದು ತೋರಿಸುವುದಕ್ಕೆ. ಒಳ್ಳೆಯ ಉಪಾಯ. ಖೋಟಾ ನಾಣ್ಯ ಮಾಡುವವರು ಏನು ಮಾಡಿದರು? ತಾಮ್ರಕ್ಕೇ ಹಲ್ಲು ಕೊರೆದು, ಹಲ್ಲಿನ ಸಂದಿಗೂ ಬೆಳ್ಳಿ ಬಳಿದರು. ಅಂಥವು ಈಗಲೂ ಸಿಗುತ್ತವೆ. ಸರ್ಕಾರದ ಬುದ್ಧಿಗೂ ಕಳ್ಳನ ಬುದ್ಧಿಗೂ ನಡುವೆ ಇರುವ ಅಂತರ ಕೆಲವೇ ತಿಂಗಳದು ಎಂದು ಖೋಟಾ ನೋಟಿಗೆ ಮೊಹರು ಹಾಕುತ್ತಿದ್ದ ನನಗೆ ಚೆನ್ನಾಗಿ ಗೊತ್ತು. ಇಷ್ಟಾದರೂ ರೈನ್ ನದಿಯಾಚೆಯ ಜರ್ಮನರು ಹೊಸ ನಾಣ್ಯ ಮುಟ್ಟದೆ ಹಳೆಯ ಹಲ್ಲಿನ ನಾಣ್ಯ, ಜೋಡುಕುದುರೆಯ ನಾಣ್ಯವೇ ಬೇಕೆನ್ನುತ್ತಿದ್ದರೆಂದು ಇತಿಹಾಸಕಾರ ಟ್ಯಾಸಿಟಸ್ ಬರೆಯುತ್ತಾನೆ.

ಮತ್ತೆ ಹಾದಿ ಬಿಟ್ಟೆ. ಕ್ವಾಡ್ರಿಗಾಟಸ್ ಚಲಾವಣೆಯಲ್ಲಿದ್ದಾಗಲೇ ಕ್ರಿ.ಪೂ. 218ರಲ್ಲಿ ರೋಮಿನ ಶತ್ರು ಸೇನಾಪತಿ ಹ್ಯಾನಿಬಲ್ ಆನೆಗಳ ಸಮೇತ ಆಲ್ಪ್ಸ್ ದಾಟಿ ಬಂದ. ಟ್ರಾಸಿಮೀನ್ ಸರೋವರದ ಬಳಿ, ಕ್ಯಾನಿಯ ಬಯಲಿನಲ್ಲಿ ರೋಮಿನ ಸೇನೆಗಳು ನೆಲಕಚ್ಚಿದವು. ಸೈನಿಕರಿಗೆ ಸಂಬಳ ಕೊಡಲು ಹಣವಿಲ್ಲದೆ ಬೆಳ್ಳಿಗೆ ಬೇರೆ ಲೋಹ ಬೆರೆಸಿದರು. ಕಂಚಿನ ಆಸ್ ಬಡವಾಗುತ್ತ ಬಡವಾಗುತ್ತ ಹುಟ್ಟಿದ ತೂಕದ ಆರನೇ ಒಂದು ಭಾಗಕ್ಕೆ ಇಳಿಯಿತು. ಕ್ರಿ.ಪೂ. 210ರಲ್ಲಂತೂ ಸೆನೆಟ್ ಸದಸ್ಯರು ಮನೆಯ ಚಿನ್ನ ಬೆಳ್ಳಿಯನ್ನು ಸ್ವಂತ ಇಚ್ಛೆಯಿಂದ ತಂದು ಖಜಾನೆಗೆ ಸುರಿದರು. ಬರೆದುಕೊಳ್ಳುವ ಗುಮಾಸ್ತರಿಗೆ ಕೈ ಸಾಲಲಿಲ್ಲವಂತೆ. ಈ ಸಾಲನ್ನು ಓದುವಾಗ ನನಗೆ ಸೆನೆಟರುಗಳಿಗಿಂತ ಆ ಗುಮಾಸ್ತರ ಮೇಲೆಯೇ ಹೆಚ್ಚು ಕನಿಕರ.

ಈ ಕಷ್ಟದ ನಡುವೆ, ಕ್ರಿ.ಪೂ. 211ರ ಹೊತ್ತಿಗೆ, ಹಳೆಯದನ್ನೆಲ್ಲ ಬದಿಗಿಟ್ಟು ಹೊಸದೊಂದು ಬೆಳ್ಳಿ ನಾಣ್ಯ ತಂದರು. ಅದೇ ದಿನಾರಿಯಸ್. ಒಂದು ಪೌಂಡು ಬೆಳ್ಳಿಗೆ 72. ತೂಕ ಸುಮಾರು ನಾಲ್ಕೂವರೆ ಗ್ರಾಂ. ಮುಂದೆ ರೋಮಾ ದೇವಿ, ಹಿಂದೆ ಅವಳಿ ಸವಾರರಾದ ಕ್ಯಾಸ್ಟರ್ ಮತ್ತು ಪೊಲಕ್ಸ್ ಕುದುರೆ ಓಡಿಸುತ್ತಿದ್ದಾರೆ. ದೇವಿಯ ತಲೆಯ ಹಿಂದೆ ರೋಮನ್ ಅಂಕಿಯಲ್ಲಿ ಹತ್ತು. ಹತ್ತು ಆಸ್‌ಗೆ ಸಮ ಎಂದು ಅರ್ಥ. ‘ದಿನಾರಿಯಸ್’ ಅಂದರೂ ಅದೇ: ಹತ್ತರದ್ದು. ಅದರ ಅರ್ಧ ‘ಕ್ವಿನಾರಿಯಸ್’, ಐದರದ್ದು. ಅದರ ಕಾಲು ಭಾಗ ‘ಸೆಸ್ಟರ್ಷಿಯಸ್’, ಎರಡೂವರೆಯದ್ದು. ಈ ಮೂರನೆಯದು ಒಂದು ಗ್ರಾಮಿಗಿಂತ ಸ್ವಲ್ಪ ಹೆಚ್ಚು. ಕನ್ನಡಕ ಬಿಚ್ಚಿಟ್ಟು ಕೂತರೆ ಬಟನ್ ಯಾವುದು, ಬಂಡವಾಳ ಯಾವುದು ತಿಳಿಯುವುದಿಲ್ಲ.

ನನ್ನ ಕಾಲನ್ನು ವಿಚಾರಿಸಲು ಬಂದ ಎದುರುಮನೆಯ ಗಣಿತದ ಮೇಷ್ಟ್ರು ಈ ಎರಡೂವರೆಯಲ್ಲೇ ಸಿಕ್ಕಿಬಿದ್ದರು. ಸೆಸ್ಟರ್ಷಿಯಸ್ ಪದವನ್ನು ಬಿಡಿಸಿದರೆ ‘ಮೂರನೆಯದು ಅರ್ಧ’ ಎಂದಾಗುತ್ತದೆ. ಮೊದಲಿನ ಎರಡು ಪೂರ್ತಿ, ಮೂರನೆಯದು ಅರ್ಧ, ಒಟ್ಟು ಎರಡೂವರೆ.

“ಮೊದಲೆರಡನ್ನ ಹೇಳದೇ ಬಿಟ್ಟುಬಿಡೋದೇ? ಹೀಗೆ ಬರೆದಿದ್ರೆ ನಾನು ಸೊನ್ನೆ ಕೊಡ್ತಿದ್ದೆ ಸಾರ್” ಅಂದರು.

“ರೋಮನ್ನರ ಹತ್ತಿರ ಸೊನ್ನೆ ಇರಲಿಲ್ಲ ಮೇಷ್ಟ್ರೇ.”

ಅವರಿಗೆ ಆ ಉತ್ತರ ಹಿಡಿಸಲಿಲ್ಲ. ಕಾಫಿ ಬಂದದ್ದರಿಂದ ಮಾತು ಅಲ್ಲಿಗೆ ನಿಂತಿತು.

ಇನ್ನು ಮುಂದಿನದು ನನಗೆ ಬಹಳ ಇಷ್ಟವಾದ ಭಾಗ. ಕ್ರಿ.ಪೂ. 140ರ ಸುಮಾರಿಗೆ ಆಸ್ ಇನ್ನಷ್ಟು ಹಗುರಾಗಿದ್ದರಿಂದ ಸರ್ಕಾರ ಲೆಕ್ಕವನ್ನೇ ಬದಲಾಯಿಸಿತು. ಇನ್ನು ಮೇಲೆ ಒಂದು ದಿನಾರಿಯಸ್‌ಗೆ ಹತ್ತು ಆಸ್ ಅಲ್ಲ, ಹದಿನಾರು. ಕೆಲವು ನಾಣ್ಯಗಳ ಮೇಲೆ ಪ್ರಾಮಾಣಿಕವಾಗಿ ಹದಿನಾರು ಎಂದು ಅಂಕಿಯನ್ನೂ ಹಾಕಿದರು. ಹೆಸರು? ಹತ್ತರದ್ದೇ! ಹದಿನಾರು ಎಣಿಸಿಕೊಂಡು ‘ಹತ್ತರದ್ದು’ ಕೊಟ್ಟರು, ತೆಗೆದುಕೊಂಡರು. ಸೆಸ್ಟರ್ಷಿಯಸ್ ಈಗ ನಾಲ್ಕು ಆಸ್‌ಗೆ ಸಮ, ಆದರೂ ಅದು ‘ಎರಡೂವರೆಯದ್ದು’. ಆಗಸ್ಟಸ್ ಕಾಲಕ್ಕೆ ಅದು ಬೆಳ್ಳಿಯನ್ನೂ ಬಿಟ್ಟು ಹಿತ್ತಾಳೆಯ ದೊಡ್ಡ ಬಿಲ್ಲೆಯಾಯಿತು. ಲೋಹ ಬದಲು, ಗಾತ್ರ ಬದಲು, ಬೆಲೆ ಬದಲು, ಹೆಸರು ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಸೈನಿಕರ ಸಂಬಳದಲ್ಲಿ ಮಾತ್ರ ದಿನಾರಿಯಸ್ಸನ್ನು ಹಳೆಯ ಹತ್ತರ ಲೆಕ್ಕದಲ್ಲೇ ಕೊಡುತ್ತಿದ್ದರೆಂದು ಪ್ಲಿನಿ ಹೇಳುತ್ತಾನೆ. ಕತ್ತಿ ಹಿಡಿದವರ ಹತ್ತಿರ ಪರಿಷ್ಕೃತ ದರದ ಸುತ್ತೋಲೆ ಓದುವ ಧೈರ್ಯ ಯಾವ ಖಜಾಂಚಿಗಿದ್ದೀತು?

ಇದನ್ನು ಓದಿ ನಗಬೇಡಿ. 1957ರ ಏಪ್ರಿಲ್ 1ರಂದು ನಮ್ಮ ದೇಶದಲ್ಲಿ ಆಣೆ ಹೋಗಿ ನಯಾಪೈಸೆ ಬಂತು. ಆಣೆಯ ಲೆಕ್ಕ ಹೋದರೂ ಇಪ್ಪತ್ತೈದು ಪೈಸೆಯ ಬಿಲ್ಲೆಯನ್ನು ಅದು 2011ರ ಜೂನ್ 30ಕ್ಕೆ ಕಣ್ಮುಚ್ಚುವವರೆಗೂ ನಾವೆಲ್ಲ ನಾಲ್ಕಾಣೆ ಅಂತಲೇ ಕರೆದೆವು. ಆಣೆಯನ್ನು ಕಣ್ಣಲ್ಲಿ ಕಾಣದ ಹುಡುಗರು ನನ್ನ ಕೌಂಟರಿಗೆ ಬಂದು “ಎಂಟಾಣೆ ಚಿಲ್ಲರೆ ಇದ್ಯಾ ಸಾರ್” ಅನ್ನುತ್ತಿದ್ದರು. ಈಗಲೂ ನೂರಕ್ಕೆ ನೂರು ನಿಜವಾದ ಮಾತು ನಮಗೆ ‘ಹದಿನಾರಾಣೆ ಸತ್ಯ’. ಅಲ್ಲೂ ಹದಿನಾರು, ಇಲ್ಲೂ ಹದಿನಾರು, ಕಾಕತಾಳೀಯವೇ ಇರಲಿ. ಆದರೆ ದುಡ್ಡಿಗೆ ಹೆಸರಿಡುವ ಅಧಿಕಾರ ಟಂಕಸಾಲೆಯದಲ್ಲ, ಸಂತೆಯದು ಎನ್ನುವುದರಲ್ಲಿ ನನಗೆ ಅನುಮಾನವಿಲ್ಲ.

ಟಂಕಸಾಲೆ ಎಂದ ಕೂಡಲೇ ನೆನಪಾಯಿತು. ರೋಮಿನ ಟಂಕಸಾಲೆ ಇದ್ದದ್ದು ಕ್ಯಾಪಿಟೋಲಿನ್ ಗುಡ್ಡದ ಮೇಲೆ, ಜೂನೋ ಮೊನೇಟಾ ದೇವಿಯ ಗುಡಿಯ ಮಗ್ಗುಲಲ್ಲಿ. ಗುಡಿ ಪ್ರತಿಷ್ಠೆಯಾದದ್ದು ಕ್ರಿ.ಪೂ. 344ರಲ್ಲಿ. ಮೊನೇಟಾ ಎಂದರೆ ಎಚ್ಚರಿಸುವವಳು ಎಂದು ಸಿಸೆರೋ ಬಿಡಿಸುತ್ತಾನೆ: ಭೂಕಂಪವಾದಾಗ ಆ ಗುಡಿಯಿಂದ ಒಂದು ಧ್ವನಿ ಕೇಳಿಸಿ, ಗಬ್ಬದ ಹಂದಿಯನ್ನು ಬಲಿ ಕೊಡಿ ಎಂದು ಎಚ್ಚರಿಸಿತಂತೆ. ಈ ಎಚ್ಚರದ ದೇವಿಯ ನೆರೆಯಲ್ಲಿ ಅಚ್ಚಾದದ್ದರಿಂದ ನಾಣ್ಯವೂ ಮೊನೇಟಾ ಆಯಿತು. ಇಂಗ್ಲಿಷಿನ ಮನಿ, ಮಿಂಟ್ ಎರಡೂ ಅವಳ ಮಕ್ಕಳೇ. ಕ್ರಿ.ಪೂ. 46ರಲ್ಲಿ ಕರೀಸಿಯಸ್ ಎಂಬ ಅಧಿಕಾರಿ ಹೊಡೆಸಿದ ದಿನಾರಿಯಸ್‌ನಲ್ಲಿ ಒಂದು ಕಡೆ ಮೊನೇಟಾ ದೇವಿ, ಇನ್ನೊಂದು ಕಡೆ ಅಚ್ಚುಮೊಳೆ, ಇಕ್ಕಳ, ಸುತ್ತಿಗೆ. ಆಯುಧಪೂಜೆಯನ್ನು ಬೆಳ್ಳಿಯಲ್ಲೇ ಮುಗಿಸಿಬಿಟ್ಟಿದ್ದಾನೆ. ಅಂದ ಹಾಗೆ ನಮ್ಮ ‘ನಾಣ್ಯ’ದ ಹಿಂದಿರುವ ‘ನಾಣಕ’ ಶಬ್ದವೂ ಕುಶಾಣ ಅರಸರ ನಾಣ್ಯಗಳ ಮೇಲಿದ್ದ ನನಾ ಎಂಬ ದೇವಿಯಿಂದ ಬಂತೆಂದು ಹೇಳುವ ವಿದ್ವಾಂಸರಿದ್ದಾರೆ. ದುಡ್ಡು ಯಾರ ಮಾತು ಕೇಳುತ್ತದೆ ಎಂಬುದು ನಮ್ಮ ಮನೆಯಲ್ಲಂತೂ ಯಾವತ್ತೂ ವಿವಾದದ ವಿಷಯವಾಗಿರಲಿಲ್ಲ.

ವಿವಾದ ಎಂದರೆ ವಿದ್ವಾಂಸರದು. ದಿನಾರಿಯಸ್ ಹುಟ್ಟಿದ್ದು ಕ್ರಿ.ಪೂ. 211ರ ಸುಮಾರಿಗೆ ಎಂದು ನಾನು ಸಲೀಸಾಗಿ ಬರೆದುಬಿಟ್ಟೆ. ಆ ಜಾತಕ ಗೊತ್ತಾಗಲು ಎಷ್ಟು ತಲೆಮಾರು ಬೇಕಾಯಿತು! ಪ್ಲಿನಿಯ ಮಾತು ನಂಬಿ ಬಹುಕಾಲ ಎಲ್ಲರೂ 269 ಅಂದುಕೊಂಡಿದ್ದರು. 1932ರಲ್ಲಿ ಬ್ರಿಟಿಷ್ ಮ್ಯೂಸಿಯಮ್ಮಿನ ಮ್ಯಾಟಿಂಗ್ಲಿ ಮತ್ತು ರಾಬಿನ್ಸನ್ ಎದ್ದು ನಿಂತು, ಇಲ್ಲ, ಕ್ರಿ.ಪೂ. 187 ಎಂದರು. ಕೂಸಿಗೆ ಒಂದೇ ಏಟಿಗೆ ಎಂಬತ್ತೆರಡು ವರ್ಷ ವಯಸ್ಸು ಕಡಿಮೆ. ವಿದ್ವತ್ ಲೋಕ ಎರಡು ಪಂಗಡವಾಯಿತು.

ತೀರ್ಪು ಬಂದದ್ದು ಸಿಸಿಲಿಯ ಒಂದು ದಿಬ್ಬದಿಂದ. ಸೆರ್ರಾ ಓರ್ಲಾಂಡೋ ಎಂಬ ಆ ದಿಬ್ಬವನ್ನು 1955ರಿಂದ ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದವರು ಅಗೆಯತೊಡಗಿದರು. ಒಳಗೆ ಊರಿದೆ, ಯಾವ ಊರು ಎಂದು ಮಾತ್ರ ಗೊತ್ತಿಲ್ಲ. ಅಲ್ಲಿ ‘ಹಿಸ್ಪಾನೋರುಮ್’, ಅಂದರೆ ಸ್ಪೇನಿನವರದ್ದು, ಎಂದು ಬರೆದ ಕಂಚಿನ ನಾಣ್ಯಗಳು ಮೇಲಿಂದ ಮೇಲೆ ಸಿಕ್ಕವು. ಸಿಸಿಲಿಯ ಮಧ್ಯದಲ್ಲಿ ಸ್ಪೇನಿನವರೇಕೆ? ಕೆನಾನ್ ಎರಿಮ್ ಎಂಬ ತರುಣ ಪುರಾತತ್ತ್ವಜ್ಞ 1958ರಲ್ಲಿ ಲಿವಿಯ ಪುಟ ತೆರೆದು ತೋರಿಸಿದ. ರೋಮಿನ ವಿರುದ್ಧ ದಂಗೆಯೆದ್ದ ಮಾರ್ಗಾಂತೀನ ಎಂಬ ಊರನ್ನು ಕ್ರಿ.ಪೂ. 211ರಲ್ಲಿ ರೋಮನ್ನರು ಗೆದ್ದು, ತಮ್ಮ ಪರ ನಿಂತಿದ್ದ ಸ್ಪೇನಿನ ಬಾಡಿಗೆ ಸಿಪಾಯಿಗಳಿಗೆ ಇನಾಮಾಗಿ ಕೊಟ್ಟಿದ್ದರು. ದಿಬ್ಬದ ಹೆಸರು ಸಿಕ್ಕಿತು. ಊರು ಹಾಳಾದ ವರ್ಷವೂ ಸಿಕ್ಕಿತು. ಹಾಳಾದಾಗ ಕುಸಿದ ಮಣ್ಣಿನ ಪದರದ ಅಡಿಯಲ್ಲಿ ದಿನಾರಿಯಸ್ ಬಳಗದ ಬೆಳ್ಳಿ ನಾಣ್ಯಗಳು ಹೆಚ್ಚು ಸವೆಯದೆ ಬಿದ್ದಿದ್ದವು. 187ರಲ್ಲಿ ಹುಟ್ಟಬೇಕಾದ ಕೂಸು 211ರಲ್ಲೇ ಅಲ್ಲಿ ಆಡಿಕೊಂಡಿತ್ತು! ಒಂದು ನಾಣ್ಯ ಊರಿಗೆ ಹೆಸರು ಕೊಟ್ಟಿತು, ಆ ಊರು ಇನ್ನೊಂದು ನಾಣ್ಯಕ್ಕೆ ಹುಟ್ಟಿದ ವರ್ಷ ಕೊಟ್ಟಿತು. ಸಾಲ ಇಷ್ಟು ಚೊಕ್ಕವಾಗಿ ತೀರಿದ್ದನ್ನು ನನ್ನ ಬ್ಯಾಂಕಿನಲ್ಲಿ ನಾನು ನೋಡಿಲ್ಲ.

ಹೀಗೆ ಹುಟ್ಟಿದ ದಿನಾರಿಯಸ್ ಎಲ್ಲೆಲ್ಲಿ ತಿರುಗಿತು ಎನ್ನುತ್ತೀರಿ! 1891ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ 163 ಬೆಳ್ಳಿ ದಿನಾರಿಯಸ್‌ಗಳ ನಿಧಿ ಸಿಕ್ಕಿತು. ಆಗಸ್ಟಸ್, ಟೈಬೀರಿಯಸ್, ಕ್ಲಾಡಿಯಸ್ ಚಕ್ರವರ್ತಿಗಳ ಮುಖಗಳು. ಎಚ್‌ಎಎಲ್ ವಿಮಾನ ನಿಲ್ದಾಣದ ಬಳಿ ಇನ್ನೊಂದು ನಿಧಿ. ಚಿತ್ರದುರ್ಗದ ಚಂದ್ರವಳ್ಳಿಯ ಉತ್ಖನನದಲ್ಲೂ ಸಿಕ್ಕಿದೆ. ಯಶವಂತಪುರದಲ್ಲಿ ರೈಲಿಗೆ ಕಾಯುತ್ತ ನಿಂತಾಗಲೆಲ್ಲ ನನಗೆ, ಟೈಬೀರಿಯಸ್‌ಗೆ ಇಲ್ಲಿ ಎಷ್ಟು ಹೊತ್ತು ಕಾಯಬೇಕಾಯಿತೋ ಅನ್ನಿಸುತ್ತದೆ. ಭಾರತ ವರ್ಷಕ್ಕೆ ಐದು ಕೋಟಿ ಸೆಸ್ಟರ್ಷಿಯಸ್‌ಗೆ ಕಡಿಮೆಯಿಲ್ಲದಂತೆ ನಮ್ಮಿಂದ ಹೀರುತ್ತಿದೆ ಎಂದು ಪ್ಲಿನಿ ಹೊಟ್ಟೆಯುರಿದುಕೊಂಡಿದ್ದ. ಕರಿಮೆಣಸು ತಿಂದವರು ಅವರು, ದೂರು ನಮ್ಮ ಮೇಲೆ. ಅದೇ ಪ್ಲಿನಿ ಸಿಂಹಳದ ರಾಜನ ಕಥೆಯನ್ನೂ ಹೇಳುತ್ತಾನೆ. ಬಿರುಗಾಳಿಗೆ ಸಿಕ್ಕಿ ಆ ದ್ವೀಪಕ್ಕೆ ತೇಲಿ ಬಂದ ರೋಮನ್ನನೊಬ್ಬನ ಬಳಿಯಿದ್ದ ದಿನಾರಿಯಸ್‌ಗಳನ್ನು ರಾಜ ತೂಗಿಸಿ ನೋಡಿದನಂತೆ. ಮುಖಗಳು ಬೇರೆ ಬೇರೆ ದೊರೆಗಳದು, ತೂಕ ಮಾತ್ರ ಎಲ್ಲದರದೂ ಒಂದೇ. ಈ ಜನರ ಪ್ರಾಮಾಣಿಕತೆ ದೊಡ್ಡದು ಎಂದು ಮೆಚ್ಚಿದನಂತೆ. ಕ್ರಿ.ಶ. 64ರ ಸುಮಾರಿಗೆ ನೀರೋ ತೂಕವನ್ನೂ ಇಳಿಸಿ, ಬೆಳ್ಳಿಯ ಪಾಲನ್ನೂ ಕಡಿಮೆ ಮಾಡಿದ. ಸಿಂಹಳದ ರಾಜ ತಕ್ಕಡಿ ತಂದದ್ದು ಅದಕ್ಕೆ ಮೊದಲು ಎಂಬುದು ರೋಮಿನ ಪುಣ್ಯ.

ಹೆಸರು ಮಾತ್ರ ಇಲ್ಲಿಯೇ ಬೇರೂರಿತು. ಅಮರಕೋಶದಲ್ಲಿ ದೀನಾರವಿದೆ. ಗುಪ್ತರ ಶಾಸನಗಳಲ್ಲಿ ದೀನಾರ ಚಿನ್ನದ ನಾಣ್ಯ. ಬೆಳ್ಳಿಗೆ ಹುಟ್ಟಿದ ಹೆಸರು ಬಡ್ತಿ ಪಡೆದು ಚಿನ್ನಕ್ಕೆ ಏರಿತ್ತು. ಅರಬರಲ್ಲಿ ದಿನಾರ್ ಆಗಿ, ಇವತ್ತು ಕುವೈತ್, ಬಹ್ರೇನ್‌ಗಳಲ್ಲಿ ದುಡಿಯುವ ನಮ್ಮ ಮಂಗಳೂರು, ಉಡುಪಿಯ ಹುಡುಗರ ಸಂಬಳದ ಚೀಟಿಯಲ್ಲಿ ಬಂದು ಕೂತಿದೆ. ಇಂಗ್ಲೆಂಡಿನವರು 1971ರವರೆಗೆ ಪೆನ್ನಿಗೆ ‘ಡಿ’ ಎಂಬ ಅಕ್ಷರ ಬರೆಯುತ್ತಿದ್ದರು. ಪೆನ್ನಿ ಎಂಬ ಮಾತಿನಲ್ಲಿ ಡಿ ಎಲ್ಲಿದೆ? ಅದೂ ದಿನಾರಿಯಸ್ಸೇ.

ಮೇಷ್ಟ್ರು ಮಾರನೆಯ ಸಂಜೆ ಮತ್ತೆ ಬಂದರು. ಅವರಿಗಾಗಿಯೇ ಒಂದು ವಿಷಯ ಹುಡುಕಿಟ್ಟಿದ್ದೆ. ಕ್ರಿ.ಶ. 301ರಲ್ಲಿ ಡಯೋಕ್ಲೀಷಿಯನ್ ಚಕ್ರವರ್ತಿ ಸಾಮ್ರಾಜ್ಯದ ಸಕಲ ಸಾಮಾನು, ಸಕಲ ಕೂಲಿಗೂ ಗರಿಷ್ಠ ದರ ನಿಗದಿ ಮಾಡಿ ಕಲ್ಲಿನಲ್ಲಿ ಕೆತ್ತಿಸಿದ. ದರವೆಲ್ಲ ದಿನಾರಿಯಸ್‌ನಲ್ಲಿ. ತಮಾಷೆಯೆಂದರೆ ಆ ಹೊತ್ತಿಗೆ ಬೆಳ್ಳಿಯ ದಿನಾರಿಯಸ್ ಅಚ್ಚಾಗುವುದೇ ನಿಂತು ದಶಕಗಳಾಗಿದ್ದವು. ಇಲ್ಲದ ನಾಣ್ಯದಲ್ಲಿ ಇಡೀ ಸಾಮ್ರಾಜ್ಯದ ಲೆಕ್ಕ. ಕ್ಷೌರಕ್ಕೆ ತಲೆಗೆ 2. ಓದುಬರಹ ಕಲಿಸುವವನಿಗೆ ಒಬ್ಬ ಹುಡುಗನಿಗೆ ತಿಂಗಳಿಗೆ 50. ಲೆಕ್ಕದ ಮೇಷ್ಟ್ರಿಗೆ 75.

“ಲೆಕ್ಕಕ್ಕೆ ಜಾಸ್ತಿ ಕೊಟ್ಟಿದಾನೆ. ಒಳ್ಳೇ ರಾಜ” ಎಂದರು ಮೇಷ್ಟ್ರು. “ಆಗ ಚಿನ್ನ ಹೇಗಿತ್ತು?”

ಜೂಲಿಯಸ್ ಸೀಸರ್ ಕಾಲದಲ್ಲಿ ಒಂದು ಪೌಂಡು ಚಿನ್ನ ನಾಣ್ಯವಾದಾಗ 1,000 ದಿನಾರಿಯಸ್. ಡಯೋಕ್ಲೀಷಿಯನ್ನನ ಪಟ್ಟಿಯಲ್ಲಿ 72,000. ಮೇಷ್ಟ್ರು ಕಣ್ಣು ಮುಚ್ಚಿ ಒಂದು ಗಳಿಗೆ ಬಾಯಿಲೆಕ್ಕ ಹಾಕಿದರು.

“ಅಂದ್ರೆ ಒಂದು ಪೌಂಡು ಚಿನ್ನಕ್ಕೆ ಒಬ್ಬ ಹುಡುಗನಿಗೆ ಎಂಬತ್ತು ವರ್ಷ ಮನೆಪಾಠ ಹೇಳ್ಬೇಕು ಸಾರ್!”

ಪಟ್ಟಿಗಿಂತ ಹೆಚ್ಚು ಕೇಳಿದವರಿಗೆ ಮರಣದಂಡನೆ ಎಂದೂ ಕೆತ್ತಿಸಿದ್ದ ಅಂದೆ. ಅವರು ಕಾಫಿ ಲೋಟ ಕೆಳಗಿಟ್ಟರು. ಸರಕೆಲ್ಲ ಅಂಗಡಿಗಳಿಂದ ಮಾಯವಾಗಿ, ಕೊನೆಗೆ ಆ ಕಾನೂನನ್ನೇ ಕೈಬಿಟ್ಟರೆಂದು ಅದೇ ಕಾಲದ ಲೇಖಕ ಲ್ಯಾಕ್ಟಾಂಷಿಯಸ್ ಬರೆದಿದ್ದಾನೆ.